ಡಲ್ಸಿಯ ಗುಡ್ಡ ಮತ್ತು ಕಂಡ ಹಾಗೇ ಬಿಟ್ಟ ಗೇಟು

ಡಲ್ಸಿ ಹ್ಯಾಡ್ರಿಕ್ ಏಳು ವರ್ಷದವಳಿದ್ದಾಗ ಅಪ್ಪನನ್ನು ಒಂದು ಪ್ರಶ್ನೆ ಕೇಳಿದಳು. ಅದಕ್ಕೆ ಸರಿಯಾದ ಉತ್ತರ ಸಿಗುವಷ್ಟರಲ್ಲಿ ಅವಳಿಗೆ ಅರವತ್ತು ಹತ್ತಿರವಾಗಿತ್ತು, ಅಪ್ಪ ಚರ್ಚಿನ ಹಿಂದೆ ಮಲಗಿ ಬಹಳ ಕಾಲವಾಗಿತ್ತು.

ಪ್ರಶ್ನೆ ದೊಡ್ಡದೇನಲ್ಲ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಪಶ್ಚಿಮದಲ್ಲಿರುವ ನಮ್ಮ ಗ್ರಿಂಡೆಲ್ ಊರಿನ ಸುತ್ತ, ಬೇಸಗೆಯ ಕೊನೆಗೆ ಫೆಬ್ರವರಿ ಬಂತೆಂದರೆ ನೆಲವೆಲ್ಲ ಸುಟ್ಟ ಬಿಸ್ಕತ್ತಿನ ಬಣ್ಣಕ್ಕೆ ತಿರುಗುತ್ತದೆ. ಕುರಿಗಳು ಹುಲ್ಲು ಮೇಯುವುದನ್ನು ಬಿಟ್ಟು ಹುಲ್ಲಿನ ನೆನಪನ್ನು ಮೇಯುತ್ತವೆ. ಅಂಥದ್ದರಲ್ಲಿ ಟೆನಿಸ್ ಅಂಗಳದ ಬೇಲಿಯ ಮೂಲೆಯಲ್ಲಿ ಒಂದು ಬುಡ ಹುಲ್ಲು ಮಾತ್ರ ಯಾರ ಹಂಗೂ ಇಲ್ಲದೆ ಹಸಿರಾಗಿ ನಿಂತಿರುತ್ತಿತ್ತು. ಯಾಕೆ?

"ನಮ್ಮ ನಾಯಿ ಅಲ್ಲಿ ಉಚ್ಚೆ ಹೊಯ್ಯುತ್ತೆ, ಅದಕ್ಕೆ," ಅಂದ ಅಪ್ಪ, ಪೇಪರಿನಿಂದ ಕಣ್ಣು ತೆಗೆಯದೆ.

ಬೇರೆ ಮಗುವಾಗಿದ್ದರೆ ನಕ್ಕು ಆಡಲು ಓಡುತ್ತಿತ್ತು. ಡಲ್ಸಿ ಮುಂದಿನ ಬೇಸಗೆಯಿಡೀ ನಾಯಿಯನ್ನು ಟೆನಿಸ್ ಅಂಗಳದ ದಿಕ್ಕಿಗೇ ಬಿಡಲಿಲ್ಲ. ಅದರ ಅಗತ್ಯಕ್ಕೆಂದು ಬೇರೊಂದು ಕಂಬ ಗೊತ್ತುಮಾಡಿ, ದಿನವೂ ಹಗ್ಗ ಹಿಡಿದು ಅಲ್ಲಿಗೇ ಕರೆದೊಯ್ದಳು. ಫೆಬ್ರವರಿ ಬಂದಾಗ ಬೇಲಿ ಮೂಲೆಯ ಹುಲ್ಲು ಎಂದಿನಂತೆ ಹಸಿರಾಗಿತ್ತು, ಕಂಬದ ಬುಡದ ಹುಲ್ಲು ಸುಟ್ಟು ಕರಕಲಾಗಿತ್ತು.

"ಅಪ್ಪಾ, ನಾಯಿ ಅಲ್ಲ."

"ಹಾಗಾದ್ರೆ ಟೆನಿಸ್ ಆಡೋರ ಬೆವರು ಇರಬೇಕು, ಹೋಗೇ."

ಟೆನಿಸ್ ಆಡುವವರನ್ನು ಹಗ್ಗ ಕಟ್ಟಿ ಬೇರೆ ಕಂಬಕ್ಕೆ ಕರೆದೊಯ್ಯುವಷ್ಟು ಶಕ್ತಿ ಅವಳಿಗೆ ಆಗ ಇರಲಿಲ್ಲವಾದ್ದರಿಂದ ಸಂಶೋಧನೆ ಅಲ್ಲಿಗೆ ನಿಂತಿತು. ನಿಂತಿತು ಎಂದು ನಾವು ಅಂದುಕೊಂಡೆವು.

ಡಲ್ಸಿ ಮದುವೆಯಾಗಲಿಲ್ಲ. ಕೇಳಿದವರಿಗೆ "ಕುರಿಮರಿಗಳಿಗೆ ಹಾಲು ಬಿಡಿಸಿದ ಮೇಲೆ ನೋಡೋಣ" ಅನ್ನುತ್ತಿದ್ದಳು. ಮರಿ ಬಿಡಿಸುವುದು, ಉಣ್ಣೆ ಕತ್ತರಿಸುವುದು, ಮತ್ತೆ ಟಗರು ಬಿಡುವುದು ಹೀಗೆ ಕುರಿಯ ವರ್ಷಕ್ಕೆ ಕೊನೆಯೇ ಇಲ್ಲದ್ದರಿಂದ ಗಂಡುಗಳೆಲ್ಲ ಕಾದು ಕಾದು ಬೇರೆ ಕಡೆ ಹೋದರು. ಅಪ್ಪ ಅಮ್ಮ ತೀರಿದ ಮೇಲೆ ಹೊಲ ಅವಳಿಗೂ ಅಣ್ಣ ಮರ್ವ್‌ಗೂ ಅರ್ಧರ್ಧ ಸೇರಿತು. ಮರ್ವ್ ಐದು ವರ್ಷ ಹೊಲ ನೋಡಿ, ಸೊಂಟ ಹಿಡಿಯಿತೆಂದು ಪೇಟೆಯಲ್ಲಿ ಇಟ್ಟಿಗೆ ಮನೆ ಕಟ್ಟಿಕೊಂಡು ಹೋದ. ಅಲ್ಲಿ ದಿನವೂ ಬೌಲಿಂಗ್ ಕ್ಲಬ್ಬಿನಲ್ಲಿ ಬಗ್ಗಿ ಬಗ್ಗಿ ಚೆಂಡು ಉರುಳಿಸುವುದಕ್ಕೆ ಸೊಂಟ ಏನೂ ಅಡ್ಡಿ ಮಾಡಲಿಲ್ಲ.

ಹೊಲದಲ್ಲಿ ಮುಖ್ಯವಾದದ್ದು ಬೋಳುಗುಡ್ಡ. ಚಳಿಗಾಲದಲ್ಲಿ ಅದರ ಮೇಲೆ ಬಾರ್ಲಿಹುಲ್ಲು, ಹಳದಿ ಹೂವಿನ ಕಳೆ, ಇನ್ನೂ ಏನೇನೋ ಏಳುತ್ತಿದ್ದವು. ಎಲ್ಲ ಒಂದು ಋತುವಿನ ಅತಿಥಿಗಳು. ಮದುವೆಮನೆಯ ನೆಂಟರ ಹಾಗೆ ಎಲೆ ಹಾಕುವಾಗ ಬಂದು, ಕೈ ತೊಳೆದು, ಪಾತ್ರೆ ತಿಕ್ಕುವ ಹೊತ್ತಿಗೆ ಮಾಯ. ಬೇಸಗೆಯಲ್ಲಿ ಗುಡ್ಡ ಬರಿಮೈಯಲ್ಲಿ ನಿಲ್ಲುತ್ತಿತ್ತು, ಗಾಳಿ ಅದರ ಮಣ್ಣನ್ನು ಹೊತ್ತೊಯ್ದು ಪಕ್ಕದ ಲೆಸ್ಟರ್ ಪಿಮ್‌ನ ಚಹಾದ ಲೋಟಕ್ಕೆ ಹಾಕುತ್ತಿತ್ತು.

ಆ ಕಾಲಕ್ಕೆ ನಮ್ಮ ಸೀಮೆಗೆ ಕಾಗದದ ತಿರುಳಿಗಾಗಿ ನೀಲಗಿರಿ ನೆಡುವ ಕಂಪನಿಗಳು ದಂಡೆತ್ತಿ ಬಂದಿದ್ದವು. ಒಂದು ಭಾನುವಾರ ಮರ್ವ್ ಬಂದು ಅಡುಗೆಮನೆಯ ಮೇಜಿಗೆ ಟೋಪಿ ಇಟ್ಟು, ಸ್ಕೋನ್ ಎಂಬ ಬನ್ನಿಗೆ ಜಾಮ್ ಬಳಿಯುತ್ತಾ ವಿಷಯ ಎತ್ತಿದ.

"ಡಲ್, ಗುಡ್ಡ ನೀಲಗಿರಿಗೆ ಕೊಟ್ಟುಬಿಡೋಣ. ಕಂಪನಿಯೋರು ಆಗಲೇ ಬಂದು ಗೂಟ ಹೊಡೆದು ಹೋಗವ್ರೆ."

"ಹೌದಾ? ಆ ಗುಲಾಬಿ ರಿಬ್ಬನ್ ಕಟ್ಟಿರೋ ಗೂಟ ನಿಂದಾ? ಯಾರೋ ಮದುವೆ ಮಂಟಪ ಹಾಕ್ತಾರೆ ಅಂದ್ಕೊಂಡಿದ್ದೆ."

"ನಗಬೇಡ. ವರ್ಷದಲ್ಲಿ ಆರು ತಿಂಗಳು ಅದರ ಮೇಲೆ ಒಂದು ಮಿಡತೆಗೂ ಊಟ ಇಲ್ಲ."

ಅದು ನಿಜ. ಆದರೆ ಗುಡ್ಡ ಹೋದರೆ ಕುರಿ ಹೋದ ಹಾಗೆ, ಏಕೆಂದರೆ ಚಳಿಗಾಳಿಗೆ ಮರೆಯಾಗಿ ಕುರಿ ಈಯುವ ಜಾಗ ಅದೊಂದೇ. ಕುರಿ ಹೋದರೆ ಡಲ್ಸಿ ಪೇಟೆಗೆ ಹೋಗಿ, ಮರ್ವ್‌ನ ಹಿಂದಿನ ಕೋಣೆಯಲ್ಲಿ ಕೂತು, ಗೋಡೆಯಾಚೆಯಿಂದ ಅವನ ಟಿವಿಯ ಕ್ರಿಕೆಟ್ ಕೇಳಿಸಿಕೊಂಡಿರಬೇಕು. ಅವಳು ಚಹಾ ಸುರಿಯುವುದನ್ನು ನಿಲ್ಲಿಸಿ, "ನಂಗೆ ಸ್ವಲ್ಪ ಕಾಲ ಕೊಡು. ಅದರ ಮೇಲೆ ಸಾಯದ ಹುಲ್ಲು ಹಾಕ್ತೀನಿ," ಅಂದಳು.

"ಸಾಯದ ಹುಲ್ಲು? ಅದ್ಯಾವುದು, ಬೈಬಲ್ಲಿಂದಾ?"

"ಟೆನಿಸ್ ಅಂಗಳದ್ದು."

ಟೆನಿಸ್ ಅಂಗಳದ ಮೂಲೆಯ ಬುಡದ ಹೆಸರು ಫಲಾರಿಸ್ ಎಂದೂ, ಅದು ವರ್ಷ ವರ್ಷ ಬೀಜದಿಂದ ಹುಟ್ಟುವುದಲ್ಲ, ಬೇಸಗೆಯಲ್ಲಿ ಸಾಯದೆ ಬುಡದಲ್ಲಿ ನಿದ್ದೆ ಮಾಡಿ ಮತ್ತೆ ಏಳುವ ಜಾತಿಯೆಂದೂ ಅಷ್ಟರಲ್ಲಿ ಅವಳು ಪತ್ತೆ ಮಾಡಿಕೊಂಡಿದ್ದಳು. ಆದರೆ ಹೆಸರು ತಿಳಿದರೆ ಡಲ್ಸಿಗೆ ಹೊಟ್ಟೆ ತುಂಬುವುದಿಲ್ಲ. ಹೇಗೆ ಬದುಕುತ್ತದೆ, ಕೆಳಗೆ ಏನು ಮಾಡುತ್ತದೆ, ಕಣ್ಣಾರೆ ನೋಡಬೇಕು. ಅದಕ್ಕೆಂದು ಮೀನು ಸಾಕುವ ಗಾಜಿನ ತೊಟ್ಟಿಯೊಂದನ್ನು ತಂದು, ಗುಡ್ಡದ ಮಣ್ಣು ತುಂಬಿ, ಗಾಜಿಗೆ ಒತ್ತಿಕೊಂಡಂತೆ ಒಂದು ಕಡೆ ಫಲಾರಿಸ್, ಇನ್ನೊಂದು ಕಡೆ ಬಾರ್ಲಿಹುಲ್ಲು ಬಿತ್ತಿ ಅಡುಗೆಮನೆಯ ಕಿಟಕಿಯಲ್ಲಿಟ್ಟಳು. ಬೇರಿಗೆ ಬೆಳಕು ಆಗದು. ಆದ್ದರಿಂದ ತೊಟ್ಟಿಗೆ ತನ್ನ ಹಳೆಯ ಕರಿ ಲಂಗ ತೊಡಿಸಿದಳು.

ಊರವರೆಲ್ಲ ಏನಾದರೊಂದು ನೆಪ ಮಾಡಿಕೊಂಡು ಬಂದು ಲಂಗ ಎತ್ತಿ ನೋಡಿ ಹೋದರು. ಬಾರ್ಲಿಹುಲ್ಲು ಮೇಲೆ ಗೇಣುದ್ದ, ಕೆಳಗೆ ಬೆರಳುದ್ದ. ಫಲಾರಿಸ್ ಮೇಲೆ ನೋಡಿದರೆ ದಾರದ ಎಳೆ, ಅಯ್ಯೋ ಅನ್ನಿಸಬೇಕು. ಕೆಳಗೆ ನೋಡಿದರೆ ಕಳ್ಳ ಸುರಂಗ ತೋಡಿದ ಹಾಗೆ ತೊಟ್ಟಿಯ ತಳ ಮುಟ್ಟಿತ್ತು. ಲೆಸ್ಟರ್ ಪಿಮ್ ಒಬ್ಬ ಮಾತ್ರ ನೋಡಲಿಲ್ಲ. ಅವನು ಚರ್ಚಿನ ಹಿರಿಯ. ಮದುವೆಯಾಗದ ಹೆಂಗಸಿನ ಲಂಗ, ಅದು ಮೀನಿನ ತೊಟ್ಟಿ ತೊಟ್ಟಿದ್ದೇ ಆಗಲಿ, ಎತ್ತುವುದು ಸರಿಯಲ್ಲ ಎಂದು ಕಿಟಕಿಯ ಕಡೆ ಬೆನ್ನು ಮಾಡಿಯೇ ಚಹಾ ಕುಡಿಯುತ್ತಿದ್ದ.

ಮುಂದೆ ನಡೆದದ್ದು ಯುದ್ಧ. ಹೊಸ ಹುಲ್ಲು ಬಿತ್ತುವ ಮೊದಲು ಹಳೆಯ ಕಳೆಗಳ ವಂಶವನ್ನೇ ಅಳಿಸಬೇಕು. ಒಂದು ವರ್ಷ ಕೊಂದರೆ ಸಾಲದು, ಮಣ್ಣಲ್ಲಿ ಬಿದ್ದ ಬೀಜ ಮರುವರ್ಷ ಅಪ್ಪನ ಸೇಡಿಗೆ ಏಳುತ್ತದೆ. ಡಲ್ಸಿ ಎರಡು ವಸಂತ ಗುಡ್ಡಕ್ಕೆ ಕಳೆನಾಶಕ ಹೊಡೆದಳು. ಊರೆಲ್ಲ ಹಸಿರಾಗಿದ್ದಾಗ ಬೋಳುಗುಡ್ಡ ಕಂದು ಹಣೆ ಹೊತ್ತು ನಿಂತಿತು. ನಮ್ಮಲ್ಲಿ ಭಾನುವಾರ ಚರ್ಚು ಬಿಟ್ಟ ಮೇಲೆ ಪಿಕಪ್ ನಿಲ್ಲಿಸಿ, ಪಕ್ಕದವರ ಬೇಲಿಗೆ ಮೊಣಕೈ ಊರಿ, ಅವರ ಬೇಸಾಯದ ಮೇಲೆ ತೀರ್ಪು ಕೊಡುವುದು ವಾಡಿಕೆ. ಆ ಎರಡು ವರ್ಷ ಡಲ್ಸಿಯ ಬೇಲಿಗೆ ಊರಿದಷ್ಟು ಮೊಣಕೈಗಳನ್ನು ಬೇರಾವ ಬೇಲಿಯೂ ಕಂಡಿರಲಿಲ್ಲ.

"ಏನು ಬೆಳೀತಾ ಇದ್ದೀಯ ಡಲ್ಸಿ?"

"ಮಣ್ಣು. ಈ ಸಲ ಫಸಲು ಚೆನ್ನಾಗಿದೆ."

ಮರ್ವ್ ಬಂದು ನೋಡಿ ಕೆಂಪಗಾದ. ಆಗಲೇ ಅಣ್ಣ ತಂಗಿಯ ನಡುವೆ ಕರಾರಾಯಿತು. ಬರುವ ಮೇ ತಿಂಗಳಲ್ಲಿ ಬಿತ್ತನೆ. ಮುಂದಿನ ಫೆಬ್ರವರಿಯ ಕೊನೆಯ ಭಾನುವಾರ ಮರ್ವ್ ಬಂದು ಗುಡ್ಡದ ಮೇಲೆ ತನ್ನ ಕೈಯಾರೆ ಹುಲ್ಲು ಹಿಡಿದು ಎಳೆಯುತ್ತಾನೆ. ಬೇರು ಸಮೇತ ಕೈಗೆ ಬಂದರೆ ಗುಡ್ಡ ನೀಲಗಿರಿಗೆ. ಬಾರದಿದ್ದರೆ ಗುಡ್ಡ ಡಲ್ಸಿಗೆ, ಮತ್ತೆ ಆ ಮಾತೆತ್ತುವ ಹಾಗಿಲ್ಲ. ಎಳೆದು ನೋಡುವ ಈ ಪರೀಕ್ಷೆ ನಮ್ಮಲ್ಲಿ ಹೊಸದೇನಲ್ಲ. ಕುರಿ ಹುಲ್ಲನ್ನು ಕಡಿಯುವುದಕ್ಕಿಂತ ಹೆಚ್ಚಾಗಿ ಕಿತ್ತು ಎಳೆಯುತ್ತದೆ. ಬೇರು ಕಚ್ಚಿಕೊಳ್ಳುವ ಮೊದಲು ಕುರಿ ಬಿಟ್ಟರೆ ಬಿತ್ತಿದ್ದೆಲ್ಲ ಅದರ ಹೊಟ್ಟೆಗೆ, ಬುಡ ಸಮೇತ.

ಬಿತ್ತನೆಯ ದಿನ ಮರ್ವ್ ಕರೆಯದೆಯೂ ಬಂದ. ಬಂದವನು ಟ್ರ್ಯಾಕ್ಟರ್ ಹತ್ತಿದ. ಅಷ್ಟರಲ್ಲಾಗಲೇ ಗುಡ್ಡದ ಮೇಲಿನ ಅರ್ಧ ಡಲ್ಸಿಯೇ ಕೂರಿಗೆ ಹಿಡಿದು, ಉಗುರಿನಷ್ಟೇ ಆಳಕ್ಕೆ, ಬರಿ ಹುಲ್ಲಿನ ಬೀಜವನ್ನೇ ಬಿತ್ತಿ ಮುಗಿಸಿದ್ದಳು. ಅವಳು ಚಹಾ ತರಲು ಮನೆಗೆ ಹೋದಾಗ ಮರ್ವ್ ಕೆಳಗಿನ ಅರ್ಧಕ್ಕೆ ಕೂರಿಗೆಯೊಳಗೆ ಎರಡು ಚೀಲ ಓಟ್ಸ್ ಸುರಿದುಬಿಟ್ಟ.

"ಇದ್ಯಾಕೋ ಹಾಕಿದೆ?" ಡಲ್ಸಿ ಚಹಾ ನೆಲಕ್ಕಿಟ್ಟು ಕೂರಿಗೆಯೊಳಗೆ ಇಣುಕಿದಳು.

"ಸುಮ್ನೆ ನೆಲ ಖಾಲಿ ಬಿಡ್ತಾರೇನೇ? ಓಟ್ಸ್ ಎದ್ದು ಎಳೇ ಹುಲ್ಲಿಗೆ ನೆರಳು ಕೊಡುತ್ತೆ. ತಾಯಿ ಇದ್ದ ಹಾಗೆ."

"ತಾಯಿ ಅಲ್ಲ ಕಣೋ, ಅತ್ತೆ. ನೆರಳೂ ಅವಳದೇ, ನೀರೂ ಅವಳದೇ."

ಬಿತ್ತಿದ್ದನ್ನು ಹೆಕ್ಕಿ ತೆಗೆಯಲಾಗದು. ಜೂನ್, ಜುಲೈ ಕಳೆದವು. ಕೆಳಗಿನ ಅರ್ಧದಲ್ಲಿ ಓಟ್ಸ್ ಮೊಣಕಾಲೆತ್ತರ ನಲಿಯಿತು. ಬೇಲಿಗೆ ಮೊಣಕೈ ಊರಿದವರು "ಮರ್ವ್‌ನ ಕೈಗುಣ ನೋಡಿ" ಅಂದರು. ಮೇಲಿನ ಅರ್ಧದಲ್ಲಿ ಏನೂ ಇಲ್ಲವೆಂದೇ ಎಲ್ಲರ ಅಭಿಪ್ರಾಯ. ಡಲ್ಸಿ ದಿನವೂ ಅಲ್ಲಿ ಮೊಣಕಾಲೂರಿ ಕೂತು, ದಾರದಂಥ ಎಳೆಯೊಂದನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆಯುವಳು, ಮುಖ ನೆಲಕ್ಕೆ ಹಚ್ಚಿ ನೋಡುವಳು. ರಸ್ತೆಯಲ್ಲಿ ಹೋಗುವ ಶಾಲೆಯ ಬಸ್ಸಿನವನು ಅವಳು ಪ್ರಾರ್ಥನೆ ಮಾಡುತ್ತಿದ್ದಾಳೆಂದು ತಿಳಿದು ಟೋಪಿ ತೆಗೆಯುತ್ತಿದ್ದ.

ಚಳಿಗಾಲದ ಕೊನೆಯ ಆಗಸ್ಟ್ ನಮ್ಮಲ್ಲಿ ಹಸಿವಿನ ತಿಂಗಳು. ಬೇರೆ ಹೊಲಗಳಲ್ಲಿ ಮೇವು ನೆಲಕಚ್ಚಿತ್ತು, ಗುಡ್ಡದ ಗೇಟಿನ ಈಚೆ ಹೆಣ್ಣುಕುರಿಗಳು ನಿಂತು ಓಟ್ಸ್ ನೋಡುತ್ತಾ ಅರಚುತ್ತಿದ್ದವು. ಆ ಹಿಂಡಿನ ನಾಯಕ ಬಿಷಪ್. ಬಿಷಪ್ ಎಂದರೆ ಬೀಜ ಒಡೆಸಿದ ಮುದಿ ಟಗರು. ತಾಯಿಯಿಲ್ಲದ ಮರಿಯಾಗಿದ್ದಾಗ ಡಲ್ಸಿಯ ಅಡುಗೆಮನೆಯಲ್ಲಿ ಬಾಟಲಿ ಹಾಲು ಕುಡಿದು ಬೆಳೆದವನು; ಮನುಷ್ಯರ ಬಾಗಿಲು, ಚಿಲಕ, ಸರಪಳಿಗಳ ವಿಚಾರದಲ್ಲಿ ಅವನಿಗೆ ಭಯವೂ ಇರಲಿಲ್ಲ, ಭಕ್ತಿಯೂ ಇರಲಿಲ್ಲ. ಒಂದು ಗುರುವಾರ ಬೆಳಿಗ್ಗೆ ಅವನು ಗೇಟಿನ ಸರಪಳಿಯನ್ನು ಮೂತಿಯಿಂದ ಎತ್ತಿ ಎತ್ತಿ ಮೊಳೆಯಿಂದ ಕಳಚಿದ. ಗೇಟು ಕಿರ್ರೆಂದು ತೆರೆಯಿತು.

ಅದೇ ಗಳಿಗೆಗೆ, ಡಲ್ಸಿಯಿಂದ ಸಾಲ ತಂದಿದ್ದ ತಂತಿ ಬಿಗಿಯುವ ಇಕ್ಕಳವನ್ನು ಹಿಂದಿರುಗಿಸಲು ಲೆಸ್ಟರ್ ಪಿಮ್ ಆ ದಾರಿಯಲ್ಲಿ ಬಂದ.

ಈಗ ಗೇಟಿನ ಧರ್ಮದ ಬಗ್ಗೆ ಒಂದು ಮಾತು. ನಮ್ಮ ಸೀಮೆಯಲ್ಲಿ ಬೈಬಲ್ಲಿನ ಹತ್ತು ಆಜ್ಞೆಗಳನ್ನು ಮರೆತವರಿದ್ದಾರೆ, ಹನ್ನೊಂದನೆಯದನ್ನು ಮರೆತವರಿಲ್ಲ: ಬೇರೆಯವರ ಹೊಲದ ಗೇಟನ್ನು ಕಂಡ ಹಾಗೇ ಬಿಡಬೇಕು. ಮುಚ್ಚಿದ್ದರೆ ಮುಚ್ಚಿ, ತೆರೆದಿದ್ದರೆ ತೆರೆದು. ಯಾಕೆ ತೆರೆದಿದ್ದಾರೆಂದು ಯಜಮಾನನಿಗೆ ಗೊತ್ತು; ನೀನು ಜಾಣತನದಿಂದ ಮುಚ್ಚಿದರೆ ಆಚೆ ಹಿಂಡು ನೀರಿಲ್ಲದೆ ಸಾಯಬಹುದು. ಲೆಸ್ಟರ್ ಈ ಧರ್ಮದ ಹರಿಶ್ಚಂದ್ರ. ಒಮ್ಮೆ ಹೊಸ ಪಾದ್ರಿ ಮುಚ್ಚಿದ್ದ ಅವನ ಗೇಟನ್ನು ತೆರೆದಿಟ್ಟು ಹೋಗಿದ್ದಕ್ಕೆ, ಮುಂದಿನ ಭಾನುವಾರದ ಕ್ಷಮೆಯ ಉಪದೇಶವನ್ನು ಅವನು ಕೈಕಟ್ಟಿ, ಕಿಟಕಿಯಾಚೆ ನೋಡುತ್ತಾ ಕೇಳಿದ್ದ.

ಅಂಥ ಲೆಸ್ಟರ್ ಗೇಟು ತೆರೆದಿರುವುದನ್ನು ಕಂಡ. ಬಿಷಪ್‌ನ ಹಿಂದೆ ಕುರಿಗಳು ಮೆರವಣಿಗೆ ಹೊರಟಿದ್ದವು. ಗಾಳಿಗೆ ಗೇಟು ಹೊಡೆದುಕೊಳ್ಳುತ್ತಿತ್ತು.

ಡಲ್ಸಿ ಆಗ ಊರಿನ ಸಭಾಭವನದಲ್ಲಿ ಯಾರದೋ ಶವಸಂಸ್ಕಾರದ ನಂತರದ ಚಹಾಕ್ಕೆಂದು ಮೊಟ್ಟೆಯ ಸ್ಯಾಂಡ್‌ವಿಚ್ ಕತ್ತರಿಸುತ್ತಿದ್ದಳು. ಲೆಸ್ಟರ್ ಇಕ್ಕಳ ಹಿಡಿದು ಒಳಗೆ ಬಂದ.

"ಡಲ್ಸಿ, ಒಳ್ಳೇ ಕೆಲ್ಸ ಮಾಡಿದೆ ಬಿಡು. ಕೊನೆಗೂ ಮನಸ್ಸು ಮಾಡಿದೆಯಲ್ಲ."

"ಏನಕ್ಕೆ?"

"ಗುಡ್ಡಕ್ಕೆ ಕುರಿ ಬಿಡೋಕೆ."

ಚಾಕು ನಿಂತಿತು. "ಯಾವ ಕುರಿ?"

"ನಿನ್ನ ಕುರಿ. ಗೇಟು ತೆಗೆದಿತ್ತು. ಗಾಳಿಗೆ ಪಟಪಟ ಹೊಡ್ಕೋತಿತ್ತು, ಪಾಪ ಕುರಿಗೆ ತಾಗುತ್ತೆ ಅಂತ ಹಗ್ಗ ಹಾಕಿ ಬಿಗಿಯಾಗಿ ಕಟ್ಟಿ ಬಂದೆ."

"ಮುಚ್ಚಿ ಕಟ್ಟಿದೆಯಾ?"

"ಛೆ ಛೆ! ತೆಗೆದು ಕಟ್ಟಿದೆ. ಕಂಡ ಹಾಗೇ ಬಿಡಬೇಕಲ್ಲ?"

ಡಲ್ಸಿ ಏಪ್ರನ್ ಬಿಚ್ಚಲಿಲ್ಲ, ಚಾಕು ಕೆಳಗಿಡಲಿಲ್ಲ. ಪಿಕಪ್ ಕಡೆ ಓಡುತ್ತಲೇ ಹೇಳಿದಳು: "ಲೆಸ್ಟರ್, ನೀನು ಸತ್ತಾಗ ಸ್ವರ್ಗದ ಬಾಗಿಲು ಮುಚ್ಚಿರಲಪ್ಪಾ ದೇವರೇ. ನೀನು ಅದನ್ನ ಕಂಡ ಹಾಗೇ ಬಿಟ್ಟು ವಾಪಸ್ ಬರ್ತೀಯ!"

ಅವಳು ಗುಡ್ಡ ಮುಟ್ಟುವಷ್ಟರಲ್ಲಿ ಓಟ್ಸಿನ ಅರ್ಧದ ಮೇಲೆ ದಂಡು ಹಾದುಹೋಗಿತ್ತು. ಕುರಿಗಳು ಹಸಿರು ಎತ್ತರವಾಗಿ ಕಂಡ ಕಡೆಗೇ ಮೊದಲು ನುಗ್ಗಿ, ಹೊಟ್ಟೆ ಬಿರಿಯ ತಿಂದು, ಆಮೇಲಷ್ಟೇ ತೇಗುತ್ತಾ ಮೇಲಿನ ಅರ್ಧಕ್ಕೆ ಹರಡಿಕೊಂಡಿದ್ದವು. ತುತ್ತತುದಿಯಲ್ಲಿ ಬಿಷಪ್ ಆಶೀರ್ವಾದ ಮಾಡುವವನಂತೆ ನಿಂತಿದ್ದ. ಡಲ್ಸಿಯೂ ಲೆಸ್ಟರೂ ನಾಯಿಗಳೂ ಸೇರಿ ಎಲ್ಲವನ್ನೂ ಆಚೆ ಅಟ್ಟಿದರು. ಲೆಸ್ಟರ್ ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು.

ಡಲ್ಸಿ ಅವನನ್ನು ಬೈಯಲಿಲ್ಲ. ಗುಡ್ಡ ಕೈಬಿಟ್ಟು ಹೋಯಿತೆಂಬ ಭಯ ಎದೆಯಲ್ಲಿದ್ದರೂ ಅದಕ್ಕಿಂತ ಹಳೆಯದೊಂದು ತುರಿಕೆ ಅವಳನ್ನು ನೆಲಕ್ಕೆ ಕೂರಿಸಿತು. ಕೆಳಗಿನ ಅರ್ಧದಲ್ಲಿ ಉಳಿದಿದ್ದ ಎಳೆಯೊಂದನ್ನು ಹಿಡಿದಳು. ಹಿಡಿದದ್ದೇ ತಡ, ಬಂತು. ಬೆಕ್ಕಿನ ಮೀಸೆಯಂಥ ಮೂರು ಬಿಳಿ ಬೇರು ಗಾಳಿಗೆ ಆಡಿದವು. ಸುತ್ತ ಅಂಥವೇ ನೂರಾರು ಕಿತ್ತು ಬಿದ್ದಿದ್ದವು. ಓಟ್ಸಿನ ನೆರಳಲ್ಲಿ ಬೆಳೆದ ಹುಲ್ಲಿನ ಬೇರು ಆಳಕ್ಕೆ ಇಳಿದೇ ಇರಲಿಲ್ಲ. ಮೇಲಿನ ಅರ್ಧಕ್ಕೆ ನಡೆದಳು. ಅಲ್ಲಿ ಕುರಿ ಕಚ್ಚಿದ ಗುರುತು ಎಲ್ಲೆಲ್ಲೂ ಇತ್ತು, ಎಲೆ ತುಂಡಾಗಿತ್ತು. ಎಳೆದಳು. ಎಲೆ ಹರಿದು ಕೈಗೆ ಬಂತು, ಬುಡ ಅಲುಗಲಿಲ್ಲ. ಇನ್ನೊಂದು ಎಳೆದಳು. ಅದೂ ಅಷ್ಟೆ.

"ಲೆಸ್ಟರ್! ಬಾ ಇಲ್ಲಿ. ಎಳಿ ಇದನ್ನ."

"ಎಳೀಲಾ? ಕಂಡ ಹಾಗೇ..."

"ಎಳಿಯೋ!"

ಎಳೆದ. ಬರಲಿಲ್ಲ. ಅವನ ಮುಖಕ್ಕೆ ರಕ್ತ ವಾಪಸಾಯಿತು. "ಡಲ್ಸಿ, ಇದು ಕೆಳಗೆ ಏನನ್ನು ಹಿಡ್ಕೊಂಡಿದೆ?"

"ಐವತ್ತು ವರ್ಷದಿಂದ ನಾನೂ ಅದನ್ನೇ ಕೇಳ್ತಿದ್ದೀನಿ," ಅಂದಳು ಡಲ್ಸಿ.

ಅಂದು ಮಧ್ಯಾಹ್ನ ಲೆಸ್ಟರ್ ಅವಳ ಅಡುಗೆಮನೆಗೆ ಹೋಗಿ, ಗಂಟಲು ಸರಿಮಾಡಿಕೊಂಡು, ಕಣ್ಣು ಅರ್ಧ ಮುಚ್ಚಿ, ಜೀವನದಲ್ಲಿ ಮೊದಲ ಬಾರಿಗೆ ಲಂಗ ಎತ್ತಿದ. ಚಹಾ ಆರಿ ತಣ್ಣಗಾಗುವವರೆಗೆ ಇಳಿಸಲಿಲ್ಲ.

ಗೇಟಿಗೆ ಹೊಸ ಸರಪಳಿ, ಬೀಗ. ವಸಂತದಲ್ಲಿ ಹುಲ್ಲು ತೆನೆ ಬಿಟ್ಟು ಸೊಂಟದೆತ್ತರ ನಿಂತಿತು, ಬೀಜ ಉದುರಿಸಿತು. ಕೆಳಗಿನ ಅರ್ಧ ಮಾತ್ರ ಎಂದಿನ ನೆಂಟರಾದ ಕಳೆಗಳ ಕೈಸೇರಿ, ಡಿಸೆಂಬರಿಗೆ ಬೋಳಾಯಿತು. ಜನವರಿಯಲ್ಲಿ ಒಂದು ಗುಡುಗು ಮಳೆ ಬಂದು ಹೋಯಿತು. ಆಮೇಲೆ ಬಿಸಿಲು.

ಫೆಬ್ರವರಿಯ ಕೊನೆಯ ಭಾನುವಾರ ಚರ್ಚು ಬಿಟ್ಟ ಜನವೆಲ್ಲ ಡಲ್ಸಿಯ ಬೇಲಿಗೆ ಮೊಣಕೈ ಊರಿ ನಿಂತಿದ್ದರು. ಶಿವಧನುಸ್ಸು ಎತ್ತಲು ಬಂದ ರಾಜನಂತೆ ಮರ್ವ್ ಅಂಗಿಯ ತೋಳು ಮಡಚಿಕೊಂಡು ಬಂದ. ಎಷ್ಟೋ ಸಾವಿರ ಕುರಿಯ ಉಣ್ಣೆ ಕತ್ತರಿಸಿದ ಕೈ ಅದು. ಮೊದಲು ಕೆಳಗಿನ ಅರ್ಧದಲ್ಲಿ ಹುಡುಕಿ ಹುಡುಕಿ ಒಂದು ಫಲಾರಿಸ್ ಬುಡ ಹಿಡಿದ. ಅದು ಪುಸಕ್ಕನೆ ಬಂತು.

"ಮುಗೀತು ಡಲ್. ನೀಲಗಿರಿ."

"ಅದು ನಿನ್ನ ಓಟ್ಸಿನ ಸೊಸೆ. ಮೇಲೆ ಬಾ, ನನ್ನದನ್ನ ಎಳಿ."

ಮೇಲಿನ ಅರ್ಧದಲ್ಲಿ ಒಣಗಿದ ತೆನೆಗಳ ಬುಡಬುಡದಲ್ಲೂ ಜನವರಿಯ ಮಳೆಗೆ ಎದ್ದ ಹಸಿರು. ಸುತ್ತಲ ಬಿಸ್ಕತ್ತು ಬಣ್ಣದ ನಡುವೆ ಆ ಒಂದು ಅರ್ಧ ಗುಡ್ಡ ಟೆನಿಸ್ ಅಂಗಳದ ಮೂಲೆಯ ಹಾಗೆ ಕಾಣುತ್ತಿತ್ತು. ಮರ್ವ್ ಒಂದು ಕೈಯಿಂದ ಎಳೆದ. ಎರಡು ಕೈಯಿಂದ ಎಳೆದ. ಕಾಲು ಅಗಲಿಸಿ, ಸೊಂಟ ಹಿಡಿದದ್ದನ್ನೂ ಮರೆತು, ಹಲ್ಲು ಕಚ್ಚಿ ಎಳೆದ. ಎಲೆ ಕಿತ್ತು ಬಂದು, ಅವನು ಅಂಗಾತ ಬಿದ್ದ. ಬೇಲಿಯ ಮೇಲಿನ ಮೊಣಕೈಗಳೆಲ್ಲ ನಗುವಿಗೆ ಒಟ್ಟಿಗೆ ಕುಲುಕಿದವು. ಯಾರೋ ಚಪ್ಪಾಳೆಯನ್ನೂ ತಟ್ಟಿದರು.

ಮರ್ವ್ ಎದ್ದ. ಬಟ್ಟೆ ಕೊಡವಲಿಲ್ಲ. ಆ ಬುಡವನ್ನೇ ದಿಟ್ಟಿಸಿ ನೋಡಿದ. ಬಾಲ್ಯದಲ್ಲಿ ನಾಯಿಯ ಹಗ್ಗ ಹಿಡಿದಿದ್ದ ತಂಗಿಯ ಮುಖ ಈಗ ಅವನ ಮುಖಕ್ಕೆ ಬಂದ ಹಾಗಿತ್ತು.

"ಡಲ್, ಗುದ್ದಲಿ ಇದೆಯಾ?"

"ಯಾಕೆ?"

"ಸುಮ್ನೆ. ಎಲ್ಲಿವರೆಗೂ ಹೋಗಿದೆ ನೋಡೋಣ ಅಂತ."

ಗುದ್ದಲಿ ಬಂತು. ಮೊದಲು ಮೊಣಕಾಲುದ್ದ ಅಗೆದ. ಬೇರು ಇತ್ತು. ತೊಡೆಯುದ್ದ ಅಗೆದ, ಮಣ್ಣು ತಣ್ಣಗಾಯಿತು, ಬೇರು ಇತ್ತು. "ಇನ್ನೂ ಇದೆ ಕಣೇ! ಕೈ ಹಾಕಿ ನೋಡು, ಇಲ್ಲಿ ಮಣ್ಣು ಒದ್ದೆ!" ಎಂದು ಗುಂಡಿಯೊಳಗಿಂದ ಕೂಗಿದ. ಫೆಬ್ರವರಿಯ ಬೋಳುಗುಡ್ಡದೊಳಗೆ ಒದ್ದೆ ಮಣ್ಣು! ಡಲ್ಸಿ ಹೊಟ್ಟೆಯ ಮೇಲೆ ಮಲಗಿ, ಗುಂಡಿಯೊಳಕ್ಕೆ ಕೈ ಇಳಿಬಿಟ್ಟು, ಅದನ್ನು ಮುಟ್ಟಿದಳು. ಆ ಕೈಯನ್ನು ಬಹಳ ಹೊತ್ತು ಹೊರಗೆ ತೆಗೆಯಲಿಲ್ಲ.

"ನಾಯಿ ಅಲ್ಲ," ಅಂದಳು ತನಗೆ ತಾನೇ.

ಬೇಲಿಯ ಜನ ಊಟಕ್ಕೆ ಹೋದರು. ಮರ್ವ್ ಹೋಗಲಿಲ್ಲ. ಸೊಂಟದಾಳಕ್ಕೆ ಇಳಿದು ಕೆರೆಯುತ್ತಲೇ ಇದ್ದ. ದೂರದಿಂದ ನೋಡಿದರೆ ಟೋಪಿಯೊಂದು ಹುಲ್ಲಿನ ಮೇಲೆ ಓಡಾಡುತ್ತಿದ್ದ ಹಾಗೆ ಕಾಣುತ್ತಿತ್ತು. ನಡುವೆ ಒಮ್ಮೆ ಮಣ್ಣು ಎಸೆಯಲು ಅಡ್ಡವಾಗುತ್ತಿದೆ ಎಂದು ಗುಂಡಿಯ ಪಕ್ಕದಲ್ಲಿದ್ದ ಗುಲಾಬಿ ರಿಬ್ಬನ್ನಿನ ಗೂಟವನ್ನು ಹಿಡಿದ. ಅದು ಒಂದೇ ಕೈಗೆ ಸಲೀಸಾಗಿ ಬಂತು. ಅದನ್ನು ತಿರುಗಿಸಿ ನೋಡಿ, "ಇದಕ್ಕೆ ಬೇರಿಲ್ಲ," ಎಂದು ಆಚೆಗೆ ಎಸೆದ.

"ಕೆಳಗಿನ ಅರ್ಧಕ್ಕೆ ಮೇ ತಿಂಗಳಲ್ಲಿ ಬಿತ್ತೋಣ್ವಾ?" ಅಂದಳು ಡಲ್ಸಿ ಮೇಲಿನಿಂದ.

"ಹೂಂ."

"ಓಟ್ಸು?"

ಗುಂಡಿಯೊಳಗಿಂದ ಮೊದಲು ಒಂದು ಗುದ್ದಲಿ ಮಣ್ಣು ಹಾರಿ ಬಂತು. "ಓಟ್ಸು ಬೆಳಿಗ್ಗೆ ಗಂಜಿಗೆ ಒಳ್ಳೇದು."

ಕೊನೆಗೆ ಉಳಿದವನು ಲೆಸ್ಟರ್. ಅವನು ಗುಂಡಿಯ ದಡದಲ್ಲಿ ಟೋಪಿ ಕೈಲಿ ಹಿಡಿದು, ಧರ್ಮಸಂಕಟದ ಮುಖ ಮಾಡಿ ನಿಂತಿದ್ದ.

"ಡಲ್ಸಿ, ಒಂದು ಮಾತು. ನಾವು ಹೋಗೋವಾಗ ಈ ಗುಂಡಿ ಮುಚ್ಚಬೇಕೋ, ಕಂಡ ಹಾಗೇ ಬಿಡಬೇಕೋ?"

"ಮೊದಲು ಮರ್ವ್‌ನ ಮೇಲೆ ತೆಗಿ ಲೆಸ್ಟರ್," ಅಂದಳು ಡಲ್ಸಿ. "ಆಮೇಲೆ ಯೋಚನೆ ಮಾಡು."